ಎಡಗಡೆಯ ದನಿ

ಸುದ್ದಿ ಬಂದದ್ದು ಮಂಗಳವಾರ, ಚಹಾದ ಜೊತೆಗೆ.

ಬೈಲಹೊಂಗಲ ಪೇಟೆಯ ಸಂದಿಯಲ್ಲಿ ಹನುಮಪ್ಪನದು ಟಿ.ವಿ., ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಈಗ ಕೆಲಸವೆಲ್ಲ ಮಗಳು ರೇಣುವಿನದೇ. ಚಹಾ ತರುವುದಷ್ಟೇ ಅವನ ಪಾಲಿಗೆ ಉಳಿದಿತ್ತು. ಎರಡು ಗ್ಲಾಸನ್ನು ಮೇಜಿನ ಮೇಲಿಟ್ಟು ಅಂದ:

"ಮುರಗೋಡದ ಆ ಗೇಮಿನ ಹುಡುಗ ಇದ್ದನಲ್ಲ, ಶ್ರೀಶೈಲ. ನಿನ್ನೆ ಹೋದನಂತವಾ. ಸವದತ್ತಿ ರೋಡಿನ್ಯಾಗ ಕಬ್ಬಿನ ಟ್ರ್ಯಾಕ್ಟರ್ ಬಡದೈತಿ."

"ಎಷ್ಟೊತ್ತಿಗೆ?" ಎಂದಳು ರೇಣು, ಬಸ್ಸಿನ ವೇಳೆ ಕೇಳುವವರ ದನಿಯಲ್ಲಿ.

"ಐದರ ಸುಮಾರು. ಎಡಗಡಿ ದಾರಿಯಿಂದ ಬರಾಕ ಹತ್ತಿದ್ದೆ, ನಾಕ್ ಸಲ ಹಾರ್ನ್ ಹೊಡದೇನಿ ಅಂತಾನಂತ ಡ್ರೈವರ್. ಈಂವಾ ಬಲಕ್ಕ ನೋಡಿ ಎಡಕ್ಕ ಗಾಡಿ ತಿರುವಿದನಂತ. ಕಿವ್ಯಾಗ ಹಾಡು ತುರುಕ್ಕೊಂಡಿರಬೇಕು, ಈಗಿನ ಹುಡುಗರ ಹಣೇಬಾರ." ಹನುಮಪ್ಪ ಒಂದು ಗುಟುಕು ಹೀರಿದ. "ಅವನ ಸಾಮಾನ ನಮ್ಮಲ್ಲೇ ಐತಿ. ರಿಪೇರಿ ಆಗೇತೇನು?"

"ಇಲ್ಲ."

ಇಷ್ಟೇ ಮಾತು. ಅಳುವುದಕ್ಕೂ ಒಂದು ಸಂಬಂಧ ಬೇಕು. ಗಿರಾಕಿ ಸತ್ತರೆ ಯಾರೂ ಅಳುವುದಿಲ್ಲ.

ಎಂಟು ತಿಂಗಳ ಹಿಂದೆ ಅವನು ಮೊದಲ ಸಲ ಬಂದಾಗ ಬಗಲಲ್ಲಿ ಒಂದು ಚೀಲವಿತ್ತು. ಚೀಲದಲ್ಲಿ ಗೇಮ್ ಆಡುವ ಕನ್ಸೋಲು, ಒಂದು ಲ್ಯಾಪ್‌ಟಾಪು. ಮುರಗೋಡದಲ್ಲಿ ಅವರದು ಕಾಳುಕಡಿಯ ಅಂಗಡಿ, ಹಳೆಯ ಮನೆತನ.

"ಟಿ.ವಿ. ಮುಂದ ಅವ್ವ ಕುಂತಿರತಾಳ್ರಿ. ಅದಕ್ಕ ಗೇಮನ್ನ ಲ್ಯಾಪ್‌ಟಾಪಿಗೆ ಹಚ್ಚೀನಿ. ಏನೂ ಬರವಲ್ದು."

ಕೇಬಲ್ ಸಿಕ್ಕಿಸಿದ ಜಾಗ ನೋಡಿ ರೇಣು ನಕ್ಕಳು. "ಇದು ಹೊರಬಾಗಲ ಐತ್ರಿ. ನೀವು ಇದರಾಗ ಒಳಗ ಬರಾಕ ಹತ್ತೀರಿ."

"ಒಳಬಾಗಲ ಎಲ್ಲೈತಿ ತೋರಸ್ರಿ ಹಂಗಾರ," ಎಂದು ಅವನು ಲ್ಯಾಪ್‌ಟಾಪನ್ನು ಬಿಟ್ಟು ಅವಳನ್ನೇ ನೋಡಿದ.

ಬೆಂಕಿಪೊಟ್ಟಣದಷ್ಟು ಪುಟ್ಟ ಕ್ಯಾಪ್ಚರ್ ಕಾರ್ಡೊಂದನ್ನು ಅವಳು ನಡುವೆ ಹಚ್ಚಿದಳು. ಚಿತ್ರ ಬಂತು, ದನಿ ಬರಲಿಲ್ಲ.

"ಈ ಡಬ್ಬಿ ದನೀನ ಲ್ಯಾಪ್‌ಟಾಪು ಮೈಕ್ ಅಂತ ತಿಳಕೊಂತೈತ್ರಿ. ಮೈಕಿಗೆ ಪರ್ಮಿಶನ್ ಕೊಡಬೇಕು. ಆಮ್ಯಾಲೆ, ಇದನ್ನ ಕೇಳು ಅಂತ ಇಲ್ಲೊಂದು ಟಿಕ್ ಹಾಕಬೇಕು."

ಟಿಕ್ ಹಾಕಿದಳು. ಗೇಮಿನೊಳಗಿನ ಕುದುರೆ ಹಳ್ಳ ದಾಟುವ ಸಪ್ಪಳ ಅಂಗಡಿಯ ತುಂಬ ಹರಡಿತು.

ಮುಂದಿನ ವಾರ ಮತ್ತೆ ಬಂದ. ಟಿಕ್ ಹೋಗಿತ್ತು. ಅದರ ಮುಂದಿನ ವಾರವೂ ಹೋಗಿತ್ತು.

"ಇದು ತಾನಾಗಿ ಹೋಗಂಗಿಲ್ರಿ. ಯಾರರ ತಗೀಬೇಕು."

"ನಮ್ಮ ಮನ್ಯಾಗ ಇಲಿ ಭಾಳ ಅದಾವ್ರಿ."

"ಇಲಿಗೆ ಇಂಗ್ಲಿಷ್ ಓದಾಕ ಬರತೈತೇನು?"

"ಅಂಗಡಿ ಇಲಿ. ಕಡ್ಲಿಬ್ಯಾಳಿ ತಿಂದು ಶ್ಯಾಣ್ಯಾ ಆಗ್ಯಾವ."

ಅವಳು ತಲೆ ಎತ್ತದೆ ಟಿಕ್ ಹಾಕಿದಳು. ತುಟಿಯಂಚಿನ ನಗೆಯನ್ನು ಮುಚ್ಚಿಡಲು ಮಾತ್ರ ಆಗಲಿಲ್ಲ.

ಹೀಗೆ ಎಷ್ಟೋ ವಾರ. ಒಂದೇ ಹೆಡ್‌ಫೋನಿನ ಎರಡು ತುದಿಗೆ ಇಬ್ಬರ ಎರಡು ಕಿವಿ. ಹಣೆಗೆ ಹಣೆ ತಾಕಿಯೂ ತಾಕದಷ್ಟು ಅಂತರ. ದಸರೆ ಕಳೆದ ಮೇಲೆ ಅವನಿಗೊಂದು ಹೊಸ ರೂಢಿ ಬಿತ್ತು. ಅವಳು ಯಾವಾಗಲೂ ತನ್ನ ಬಲಕ್ಕೇ ಇರುವಂತೆ ಸ್ಟೂಲು ಎಳೆದುಕೊಳ್ಳುತ್ತಿದ್ದ.

"ನಾ ಎಡಕ್ಕ ಕುಂತ್ರ ಏನಾಗತೈತಿ?"

"ಅದು ಹೇಣ್ತಿ ಕುಂದ್ರೂ ಜಾಗಾ. ಅವ್ವನ್ನ ಕೇಳಿ ಕುಂದರಸ್ತೇನಿ. ಸಂಕ್ರಾಂತಿ ಒಳಗ ಕೇಳತೇನಿ, ನೋಡು."

ಆ ಮಾತನ್ನು ಅವಳು ಬಂಗಾರದಂತೆ ಒಳಗಿಟ್ಟುಕೊಂಡಳು. ಅವರ ಮನೆಯಲ್ಲಿ ಪಡಸಾಲೆಯವರೆಗೆ ಹೋಗುವವರು ಬೇರೆ, ಅಡುಗೆಮನೆಯವರೆಗೆ ಹೋಗುವವರು ಬೇರೆ. ತಾನು ಯಾವ ಸಾಲಿನವಳೆಂಬುದು ಅವಳಿಗೆ ತಿಳಿದಿತ್ತು.

ಸಂಕ್ರಾಂತಿ ಕಳೆಯಿತು. ಅವನು ಸಾಯುವ ಮೂರು ದಿನ ಮೊದಲು, ಶುಕ್ರವಾರ, ಚೀಲ ಹಿಡಿದು ಬಂದ.

"ಎಡಗಡಿ ದನಿ ಬರವಲ್ದು ರೇಣು. ಖರೇ ಹೇಳತೇನಿ. ತಲಿನೂ ಗುಂಯ್ ಅಂತೈತಿ."

ಅವಳು ಹೆಡ್‌ಫೋನು ಹಾಕಿಕೊಂಡು ನೋಡಿದಳು. ಎರಡೂ ಕಡೆ ಕುದುರೆ ಚೆನ್ನಾಗಿ ಓಡುತ್ತಿತ್ತು.

"ಅವ್ವನ ಮುಂದ ಮಾತಾಡಿದ್ರೇನು?"

"ಇನ್ನಾ ಇಲ್ಲ…"

"ಹಂಗಾರ ಇಲಿ ಈಗ ಎಡಕ್ಕ ಬಂದಾವ. ತಲಿ ರಿಪೇರಿ ನಮ್ಮಲ್ಲಿ ಮಾಡಂಗಿಲ್ರಿ. ಮಾತಾಡಿದ ಮ್ಯಾಲೆ ಬರ್ರಿ."

ಅವನು ನಕ್ಕ. ಆ ನಗು ಒಂದು ಗಳಿಗೆ ತಡವಾಗಿ ಬಂತು. "ಇರಲಿ, ಇಟ್ಕೊಂಡು ನೋಡು," ಎಂದು ಚೀಲ ಬಿಟ್ಟು ಹೋದ. ಸಿಟ್ಟಿನಲ್ಲಿ ಅವಳು ಅದನ್ನು ಮೇಲಿನ ಹಲಗೆಗೆ ಎತ್ತಿಟ್ಟಳು.

ಕೆಳಗಿಳಿಸಿದ್ದು ಅವನು ಮಣ್ಣಾಗಿ ಒಂಬತ್ತು ದಿನವಾದ ಮೇಲೆ. ಸಾಮಾನು ಮರಳಿಸುವ ಮೊದಲು ಒಮ್ಮೆ ಹಚ್ಚಿ ನೋಡಬೇಕು. ಅದು ಅಂಗಡಿಯ ಪದ್ಧತಿ. ಮೈಕಿನ ಪರ್ಮಿಶನ್ ಸರಿಯಿತ್ತು. ಟಿಕ್ ಇತ್ತು. ಇಲಿ ಈ ಸಲ ಏನನ್ನೂ ಮುಟ್ಟಿರಲಿಲ್ಲ. ಸೆಟ್ಟಿಂಗಿನ ಒಳಗೆ, ಸಾಮಾನ್ಯರು ಎಂದೂ ಹೋಗದ ಒಂದು ಪುಟದಲ್ಲಿ, ಅವಳು ಹಾಕಿಕೊಡದ ಸ್ವಿಚ್ಚೊಂದು ಹೊತ್ತಿತ್ತು. ಮೋನೋ. ಎಡಬಲದ ದನಿಗಳನ್ನು ಕೂಡಿಸಿ ಒಂದೇ ಮಾಡುವ ಸ್ವಿಚ್ಚು; ಒಂದು ಕಿವಿ ಕೇಳದವರಿಗಾಗಿ ಇಟ್ಟದ್ದು.

ಹಾಗಾದರೆ ಒಂದೇ ಕಿವಿಯಲ್ಲಿ ಎಲ್ಲವನ್ನೂ ಕೇಳುವ ದಾರಿಯನ್ನು ಅವನು ತಾನೇ ಕಂಡುಕೊಂಡಿದ್ದ. ಶುಕ್ರವಾರ ಬಂದದ್ದು ರಿಪೇರಿಗಲ್ಲ, ಹೇಳಿಕೊಳ್ಳುವುದಕ್ಕೆ. ಬಲಕ್ಕೆ ಎಳೆದ ಸ್ಟೂಲು, ಹೆಂಡತಿಯ ಜಾಗವೆಂಬ ಆ ಮುದ್ದಿನ ಮಾತು, ತಡವಾಗಿ ಬಂದ ನಗು, ಎಲ್ಲಕ್ಕೂ ಈಗ ಬೇರೊಂದು ಮುಖ ಬಂತು. ಬಲಗಿವಿಯೊಂದೇ ಕೇಳುವವನಿಗೆ ಹಾರ್ನು ಯಾವ ಕಡೆಯಿಂದ ಬಂದರೂ ಬಲಕ್ಕೇ ಕೇಳುತ್ತದೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಅವಳು ಚೀಲ ಹಿಡಿದು ಮುರಗೋಡಕ್ಕೆ ಹೋದಳು. ಪ್ರಸಾದದ ಪಂಕ್ತಿಯಲ್ಲಿ ಅದೇ ಮಾತು ನಡೆದಿತ್ತು: ಕಿವಿಯಲ್ಲಿ ಹಾಡು, ಕೈಯಲ್ಲಿ ಗೇಮು, ಹೆತ್ತವಳ ಹೊಟ್ಟೆಗೆ ಕಲ್ಲು. ಪಡಸಾಲೆಯ ಕಂಬಕ್ಕೊರಗಿ ಅವನ ತಾಯಿ ಕೆಂಚವ್ವ ಕುಳಿತಿದ್ದಳು.

"ಒಯ್ಯವಾ, ಹಾಳಬಾವಿಗೆ ಒಗಿ ಅದನ್ನ. ನನ್ನ ಮಗನ್ನ ತಿಂದದ್ದು ಅದ."

ರೇಣು ಚೀಲವನ್ನು ಕಂಬದ ಬುಡಕ್ಕೆ ಇಟ್ಟಳು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

"ಅವರ ಕಿವ್ಯಾಗ ಹಾಡು ಇರಲಿಲ್ರಿ, ಅವ್ವಾರ. ಎಡಗಿವಿ ಕೇಳತಿರಲಿಲ್ಲ. ತಲಿ ಗುಂಯ್ ಅಂತಿತ್ತು. ನನ್ನ ಮುಂದ ಹೇಳಿದ್ರು."

ಕೆಂಚವ್ವ ಕಂಬ ಬಿಟ್ಟು ನೆಟ್ಟಗೆ ಕುಳಿತಳು.

"ಹಡದಾಕಿಗೆ ಹೇಳಲಿಲ್ಲ. ನಿನಗ ಹೇಳ್ಯಾನ."

"ಹೂಂನ್ರಿ."

"ಹೇಳಿದ್ರೂ ನೀ ಕೇಳಲಿಲ್ಲ."

"ಇಲ್ರಿ."

ಕೆಂಚವ್ವ ಪಂಕ್ತಿಯ ಮೊದಲಲ್ಲಿ ಕುಳಿತಿದ್ದ ಹಿರಿಯನ ಕಡೆ ತಿರುಗಿದಳು. "ನಿಜಗುಣಪ್ಪ, ನನ್ನ ಮಗಾ ಕಿವ್ಯಾಗ ಏನೂ ಇಟ್ಕೊಂಡಿರಲಿಲ್ಲ. ಅವಂಗ ಒಂದು ಕಿವಿ ಕೇಳತಿರಲಿಲ್ಲ. ಇನ್ನ ಯಾರೂ ಹಂಗ ಅನಬ್ಯಾಡ್ರಿ." ಆಮೇಲೆ ರೇಣುವಿಗೆ ಮೆಲ್ಲಗೆ ಅಂದಳು: "ಯಾಕ ನಿನಗ ಹೇಳಿದಾ ಅಂತ ನಾ ಕೇಳಂಗಿಲ್ಲ. ಪ್ರಸಾದ ತಗೊಂಡು ಹೋಗು. ಇನ್ನೊಮ್ಮೆ ಈ ಹೊಸ್ತಲಕ್ಕ ಬರಬ್ಯಾಡ."

ಕೈಗೆ ಬಿದ್ದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು ರೇಣು ಬಸ್ಸಿನ ನಿಲ್ದಾಣಕ್ಕೆ ಬಂದಳು. ಬೈಲಹೊಂಗಲದ ಬಸ್ಸು ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ, ತನ್ನ ಬಲಕ್ಕೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು, ಅವಳು ಕುಳಿತಳು. ಅವನು ಅಲ್ಲಿ ಕುಳಿತರೆ ಅವನ ಎಡಕ್ಕೆ ಅವಳೇ. ನಂತರ ಕಣ್ಣು ಮುಚ್ಚಿದಳು.

ಶಿವನೇ, ನಾನು ಕೇಳದೆ ಹೋದದ್ದನ್ನು ನೀನು ಕೇಳು. ಅವನು ಹೇಳಿ ಮುಗಿಸದ ಮಾತು ನಿನ್ನ ಪಾದದಲ್ಲಿ ಮುಗಿಯಲಿ. ಆ ತಲೆಯ ನೋವನ್ನು ಇಳಿಸು, ಆ ಜೀವಕ್ಕೆ ಶಾಂತಿ ಕೊಡು, ತಂದೆ.