ಅವನು ನಡೆಸಿದ ಹಸಿರು ಕಾಯಿ

"ನನಗೆ ನಿಮ್ಮ ದಾನ ಬೇಕಾಗಿಲ್ಲ!"

ಅವಳ ದನಿ ಕೇಳಿ ಮೇಜಿನ ಸುತ್ತ ಕುಳಿತಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಅದು ಬೋರ್ಡ್ ಗೇಮ್ ತಯಾರಿಸುವ ಕಂಪನಿ. ಅಲ್ಲಿ ಹೊಸ ಆಟ ಕಟ್ಟುವ ಕೆಲಸಕ್ಕೆ ಬಂದ ಮೊದಲ ಹೆಣ್ಣು ಅವಳು. ಅವಳ ಮೊದಲ ಆಟವನ್ನು ಇವತ್ತು ಆಡಿ ನೋಡುತ್ತಿದ್ದರು. ಎದುರಿಗೆ ಕುಳಿತವನು ಕಂಪನಿಯ ಪರೀಕ್ಷಕ. ಅವನು ಸೈ ಎಂದ ಮೇಲೆಯೇ ಯಾವ ಆಟವಾದರೂ ಅಂಗಡಿಗೆ ಹೋಗುವುದು. ನಗುವುದು ಅಪರೂಪವಾದ್ದರಿಂದ ಆಫೀಸಿನಲ್ಲಿ ಅವನಿಗೆ ಗಂಭೀರಪ್ಪ ಎಂದೇ ಹೆಸರು. ಎದುರಿಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆ ಆಟದಲ್ಲಿ ದಾಳದಲ್ಲಿ ಆರು ಬಿದ್ದವರು ಯಾರ ಕಾಯನ್ನಾದರೂ ನಡೆಸಬಹುದು. ಅವನ ಕೆಂಪು ಕಾಯಿ, ಅವಳ ಹಸಿರು ಕಾಯಿ, ಎರಡೂ ಗೆಲುವಿನ ಮನೆಯ ಬಾಗಿಲಲ್ಲೇ ನಿಂತಿದ್ದವು. ಅವನಿಗೆ ಆರು ಬಿತ್ತು. ಕೈ ಚಾಚಿದವನು... ಹಸಿರು ಕಾಯನ್ನು ಮನೆ ಸೇರಿಸಿಬಿಟ್ಟ!

"ಲೇಡೀಸ್ ಅಂತ ಬಿಟ್ಟುಕೊಟ್ರು ಬಿಡಿ," ಎಂದು ಪಕ್ಕದವನೊಬ್ಬ ಹಲ್ಲು ಕಿರಿದ.

ಅವಳಿಗೆ ಮೈಯೆಲ್ಲ ಉರಿದದ್ದು, ದಾನ ಬೇಡವೆಂದು ಕೂಗಿದ್ದು ಆಗಲೇ. ಗಂಭೀರಪ್ಪನ ಮುಖ ಬಿಳಿಚಿಕೊಂಡಿತ್ತು. ಕಾಯಿಗಳನ್ನೇ ಒಂದು ಸಲ ನೋಡಿ ಎದ್ದು ಹೋದ.

ಮನೆಗೆ ಬಂದು ಅಕ್ಕನ ಮುಂದೆ ಗೋಳಾಡಿದಳು. "ಅಷ್ಟು ದೊಡ್ಡ ಆಟಗಾರ ಕಣೇ! ನನ್ನನ್ನ ಚಿಕ್ಕ ಮಗು ಥರ ಗೆಲ್ಲಿಸ್ಬಿಟ್ಟ!"

"ಬಾಗಿಲು ತೆಗೆದಾಗಿಂದ ಅವನದೇ ಜಪ," ಎಂದಳು ಅಕ್ಕ ಬಟ್ಟೆ ಮಡಚುತ್ತಾ. "ಕೋಪ ಒಂದೇನಾ, ಬೇರೆ ಏನಾದ್ರೂ ಇದೆಯಾ?"

"ಅಕ್ಕಾ!"

ಇದ್ದದ್ದು ನಿಜ. ಕೆಲಸಕ್ಕೆ ಸೇರಿದಾಗಿನಿಂದ ಅವನು ಆಟ ಆಡುವ ರೀತಿಯನ್ನು ಅವಳು ಕದ್ದು ಕದ್ದು ನೋಡುತ್ತಿದ್ದಳು. ಅದಕ್ಕೇ ನೋವು ಇನ್ನಷ್ಟು ಹೆಚ್ಚಾಗಿತ್ತು. ಮರುದಿನ ಕಂಪನಿಯ ಯಜಮಾನರ ಕೋಣೆಗೇ ಹೋಗಿ ದೂರು ಕೊಟ್ಟಳು.

ಯಜಮಾನರು ಎಲ್ಲರನ್ನೂ ಕೂರಿಸಿ ಅವನನ್ನು ಕೇಳಿದರು. "ಹೆಂಗಸು ಅಂತ ಬಿಟ್ಟುಕೊಟ್ಟಿದ್ದೇ ಹೌದಾದ್ರೆ ಇನ್ನು ನೀವು ಆಟ ಪರೀಕ್ಷಿಸೋ ಆ ಮೇಜಿಗೆ ಕೂರೋ ಹಾಗಿಲ್ಲ. ಏನಂತೀರಿ?"

ಅವನು ತಲೆ ತಗ್ಗಿಸಿದ. ಹೌದು ಅಂತ ಒಪ್ಪಿಕೊಳ್ತಾನೆ, ಮುಗೀತು... ಎಂದುಕೊಂಡಳು ಅವಳು. ಯಾಕೋ ಅದು ಅವಳಿಗೆ ಬೇಡವಾಗಿತ್ತು.

"ಸರ್, ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿನಿಂದ ಹಾಗೇ. ನಿನ್ನೆ ನಾನು ನಡೆಸಿದ್ದು ನನ್ನದೇ ಕಾಯಿ ಅಂದುಕೊಂಡಿದ್ದೆ."

ಅವಳು ತಿರುಗಿ ಅವನ ಮುಖ ನೋಡಿದಳು.

"ಮತ್ತೆ ಇಷ್ಟು ದಿನ ಹೇಗೆ ಆಡಿದ್ರಿ?" ಎಂದರು ಯಜಮಾನರು.

"ಯಾರ ಕಾಯಿ ಎಲ್ಲಿದೆ ಅಂತ ನೆನಪಿಟ್ಟುಕೊಂಡು ಆಡ್ತಿದ್ದೆ. ಇವರ ಆಟದಲ್ಲಿ ಕಾಯಿಗಳು ಎಷ್ಟು ಚೆನ್ನಾಗಿ ಜಾಗ ಬದಲಾಯಿಸ್ತವೆ ಅಂದ್ರೆ, ನನ್ನ ನೆನಪಿಗೂ ಸಿಗಲಿಲ್ಲ."

"ಮೊದಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ಈ ಕೆಲಸ ಕೊಡ್ತಿದ್ರಾ ಸರ್?"

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನುಣುಚಿಕೊಳ್ಳಲು ಅವರಿಗೆ ಬೇಕಾದಷ್ಟು ದಾರಿಯಿತ್ತು. ಆದರೆ ದೊಡ್ಡ ಮನುಷ್ಯ, ನುಣುಚಿಕೊಳ್ಳಲಿಲ್ಲ.

"ಇಲ್ಲ. ಕೊಡ್ತಿರಲಿಲ್ಲ. ಹೆಣ್ಣುಮಕ್ಕಳನ್ನೂ ಇವರು ಬರೋ ತನಕ ತಗೊಂಡಿರಲಿಲ್ಲ. ನಮ್ಮಂಥವರೇ ಕೂತು, ನಮ್ಮಂಥವರಿಗೇ ಆಟ ಮಾಡಿದ್ವಿ. ತಪ್ಪು ಕಂಪನಿದು, ಅಂದ್ರೆ ನಂದು. ನೀವು ಆ ಮೇಜು ಬಿಟ್ಟು ಎಲ್ಲೂ ಹೋಗಬೇಡಿ."

ಅವಳು ಎದ್ದು ನಿಂತಳು. "ಸರ್, ನನ್ನ ಆಟ ಈಗಲೇ ಅಂಗಡಿಗೆ ಬೇಡ. ಒಂದೊಂದು ಬಣ್ಣಕ್ಕೂ ಒಂದೊಂದು ಆಕಾರ ಕೊಡ್ತೀನಿ. ತಡವಾದ್ರೂ ಚಿಂತೆಯಿಲ್ಲ."

"ಮಾಡಿ. ನಮ್ಮ ಹಳೇ ಆಟ ಕೊಂಡವರು ಕೇಳಿದ್ರೆ ಅವರಿಗೂ ಹೊಸ ಕಾಯಿ ಬಿಟ್ಟಿಯಾಗಿ ಕಳಿಸೋಣ. ಯಾಕೆ ಅಂತಾನೂ ಮುಚ್ಚುಮರೆ ಇಲ್ಲದೆ ಎಲ್ಲರಿಗೂ ಹೇಳೋಣ."

ಹಲ್ಲು ಕಿರಿದಿದ್ದವನು ಬಂದು ಕ್ಷಮೆ ಕೇಳಿದ. ಅವಳ ಕಿವಿಗೆ ಅದು ಬೀಳಲೇ ಇಲ್ಲ.

ಸಂಜೆ ಗಂಭೀರಪ್ಪ ಒಬ್ಬನೇ ಬೋರ್ಡುಗಳನ್ನು ಕಪಾಟಿಗೆ ಜೋಡಿಸುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು.

"ಇದು ಯಾವ ಬಣ್ಣ, ಅದು ಯಾವ ಬಣ್ಣ ಅಂತ ಬೆಳಗ್ಗೆಯಿಂದ ಎಲ್ರೂ ತಲೆ ತಿಂದಿದ್ದಾರೆ," ಎಂದ ಅವನು ತಿರುಗದೆಯೇ. "ನೀವೂ ಕೇಳಿಬಿಡಿ."

"ನಾನು ಅದನ್ನ ಕೇಳೋಕೆ ಬಂದಿಲ್ಲ." ಅವಳು ಒಳಗೆ ಬಂದಳು. "ಕೆಲಸ ಹೋಗುತ್ತೆ ಅಂತ ಇಷ್ಟು ವರ್ಷ ಬಚ್ಚಿಟ್ಟಿದ್ರಿ. ಇವತ್ತು ಯಾಕೆ ಹೇಳಿದ್ರಿ? ಹೌದು ಬಿಟ್ಟುಕೊಟ್ಟೆ ಅಂದಿದ್ರೆ ಬೇರೆ ಯಾವುದೋ ವಿಭಾಗದಲ್ಲಿ ಗುಟ್ಟಾಗಿ ಇರಬಹುದಿತ್ತಲ್ಲ..."

ಅವನು ತಿರುಗಿದ.

"ನೀವು ಅಷ್ಟು ಒಳ್ಳೆ ಆಟ ಕಟ್ಟಿ, ಯಾರೋ ದಾನ ಕೊಟ್ಟಿದ್ದಕ್ಕೆ ಗೆದ್ದೆ ಅಂತ ಜೀವನಪೂರ್ತಿ ಕೊರಗೋದು... ನನ್ನ ಕೈಲಿ ನೋಡೋಕಾಗ್ತಿರಲಿಲ್ಲ. ಕೆಲಸ ಹೋದ್ರೆ ಹೋಗ್ಲಿ ಅನ್ನಿಸ್ತು."

ಅವಳ ಕಣ್ಣು ತುಂಬಿ ಹರಿಯಿತು. ಇಂಥವನ ಮೇಲೆ ದೂರು ಕೊಟ್ಟೆನಲ್ಲ! ಕರವಸ್ತ್ರಕ್ಕೆ ತಡಕಾಡಿದಳು, ಸಿಗಲಿಲ್ಲ. ಅವನೇ ಕೊಟ್ಟ.

"ಭಾನುವಾರ ನಮ್ಮನೆಗೆ ಬರ್ತೀರಾ?" ಎಂದಳು ಮೂಗೊರೆಸಿಕೊಳ್ಳುತ್ತಾ. "ಅಕ್ಕನಿಗೆ ನಿಮ್ಮನ್ನ ತೋರಿಸ್ಬೇಕು."

"ಯಾರು ಅಂತ ಹೇಳ್ತೀರಾ?"

"ನನ್ನವರು ಅಂತ."

ಅವನ ಕೈಯಲ್ಲಿದ್ದ ಡಬ್ಬಿ ಜಾರಿತು, ದಾಳಗಳೆಲ್ಲ ನೆಲದ ಪಾಲಾದವು. ಗಂಭೀರಪ್ಪ ನಗುತ್ತಿದ್ದ!

"ಇನ್ನೊಂದ್ಸಲ ಹೇಳಿ..."

"ಮೊದಲು ಬರ್ತೀನಿ ಅನ್ನಿ."

"ಬರ್ತೀನಿ. ಭಾನುವಾರದ ತನಕ ಕಾಯೋದು ಹೇಗೆ, ಅದನ್ನೂ ನೀವೇ ಹೇಳಿಕೊಡಿ."