ಪಿಂಗಾಣಿ ಕುಂಡ

ಚಿತ್ರದುರ್ಗದ ಫಲಪುಷ್ಪ ಪ್ರದರ್ಶನದಲ್ಲಿ ಕಳ್ಳಿ ಗಿಡಗಳ ಮೊದಲ ಬಹುಮಾನ ಈ ಸಲವೂ ಖಾತುನ್ ಬೀಗೇ ಹೋದಾಗ ಕನಕರಾಜ್ ನಗುನಗುತ್ತಲೇ ಚಪ್ಪಾಳೆ ತಟ್ಟಿದ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಅವರಿಬ್ಬರ ಮನೆಯಿದ್ದ ಮಾರಿಕಣಿವೆಯ ಹಿನ್ನೀರ ದಂಡೆ ಎಂದರೆ ಸದಾ ತೇವದ ಗಾಳಿ, ಕಳ್ಳಿ ಕೊಳೆತುಹೋಗುವ ಜಾಗ. ಆ ತೇವವನ್ನು ಹೊರಗೆ ದಬ್ಬಲೆಂದೇ ಅವನು ಪಾಲಿಹೌಸಿಗೆ ಫ್ಯಾನು ಹಾಕಿಸಿದ್ದ. ಪಕ್ಕದ ಮನೆಯ ಈ ಮುದುಕಿ ಗಾಳಿಯಾಡಲೆಂದು ತನ್ನ ಪಾಲಿಹೌಸಿನ ಪ್ಲಾಸ್ಟಿಕ್ ಪರದೆ ಸುತ್ತಿ ಮೇಲೆತ್ತಿ, ಗಿಡಗಳ ಜೊತೆ ಹರಟುತ್ತ ಕೂತು, ಕಪ್ ಹೊತ್ತುಕೊಂಡು ಬರುತ್ತಾಳೆ! ಮದುವೆಯಾದ ವರ್ಷದಿಂದ ಸಾಕಿದ ಅವನ ಚಿನ್ನದ ಬಣ್ಣದ ಗುಂಡುಕಳ್ಳಿಗೆ ಎರಡನೇ ಸ್ಥಾನ. ತೀರ್ಪುಗಾರರಂತೆ ತೀರ್ಪುಗಾರರು, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ರಂಜಾನಿಗೆ ಅವಳ ಮನೆಯಿಂದ ಸುರ್ಕುಂಬಾ ಪಾಯಸ ಬಂತು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ಹೆಂಡತಿ ಸುಮಾ ಸಕ್ಕರೆ ತುಂಬುತ್ತಿದ್ದಳು.

"ಬರೀ ಸಕ್ಕರೆ ಯಾಕೆ? ಜತೆಗೊಂದು ಗಿಡ ಕೊಡಾಣ," ಎಂದ ಕನಕರಾಜ್. ಹೆಂಗಸರ ಗೊಡ್ಡು ಪದ್ಧತಿಯೂ ಒಂದೊಂದು ಸಲ ಉಪಯೋಗಕ್ಕೆ ಬರುತ್ತದೆ.

ಲೋಳೆಸರದ ಜಾತಿಯ ಮುದ್ದಾದ ಗಿಡವೊಂದನ್ನು ಆರಿಸಿದ. ಅದರ ಬೇರಿಗೆ ಹಿಟ್ಟು ತಿಗಣೆ ಹತ್ತಿತ್ತು. ಮಣ್ಣಿನ ಮೇಲೆ ಏನೂ ಕಾಣದು, ಒಳಗೊಳಗೇ ಬೇರು ಹೀರಿ ಕುಂಡದಿಂದ ಕುಂಡಕ್ಕೆ ಹರಿಯುವ ಬಿಳಿ ಹುಳು. ತೇವವೆಂದರೆ ಅದಕ್ಕೆ ಹಬ್ಬ. ಚೆಂದದ ಪಿಂಗಾಣಿ ಕುಂಡದಲ್ಲಿ ನೆಟ್ಟು, ಮೇಲೆ ಬಿಳಿ ಕಲ್ಲು ಹರಡಿ, ತಾನೇ ಒಯ್ದು ಕೊಟ್ಟ.

"ಅಯ್ಯೋ, ಎಷ್ಟು ಚಂದ ಐತಪ್ಪ!" ಎಂದು ಖಾತುನ್ ಬೀ ಅದನ್ನು ಬಹುಮಾನದ ಗಿಡಗಳ ನಡುವೆಯೇ ಇಟ್ಟಳು. ಪೆದ್ದಿ, ಎಂದುಕೊಂಡ.

ಇನ್ನು ಕಾಯುವುದಷ್ಟೇ. ಅವನ ಪಾಲಿಹೌಸಿನಲ್ಲಿ ನೀರು ಹಾಕುವುದು, ಕುಂಡ ಜೋಡಿಸುವುದು ಸುಮಾಳ ಕೆಲಸ, ಕಪ್ ತರುವುದು ಅವನದು. ಮುಂದಿನ ಪ್ರದರ್ಶನದ ಹಿಂದಿನ ದಿನ ಹೋಗಿ ನೋಡಿದರೆ ಖಾತುನ್ ಬೀ ಬಾಡಿದ ಗಿಡಗಳ ಮುಂದೆ ಕೂತು ಅಳುತ್ತಿದ್ದಳು.

"ಎಲ್ಲಾ ಹೋತಪ್ಪ. ಯಾರ ಕಣ್ಣು ಬಿತ್ತೋ."

"ಅಳಬ್ಯಾಡ್ರಿ ಅಮ್ಮಾ, ದೇವ್ರವನೆ," ಎಂದು ಸಮಾಧಾನ ಹೇಳಿ, ಸಿಳ್ಳೆ ಹಾಕುತ್ತ ಮನೆಗೆ ಬಂದ.

ಪ್ರದರ್ಶನಕ್ಕೆ ಒಯ್ಯಲು ಗುಂಡುಕಳ್ಳಿಯನ್ನು ಗೋಣಿತಾಟಿನಲ್ಲಿ ಸುತ್ತಿ ಹಿಡಿದ. ಹಿಡಿದದ್ದೇ ತಡ, ಬುಡಸಮೇತ ಕೈಗೆ ಬಂತು. ಬೇರಿರಬೇಕಾದಲ್ಲಿ ಬರೀ ಬಿಳಿ ಹಿಟ್ಟು. ಅದರ ಹಿಂದೆ, ನೆರಳಲ್ಲಿ, ಆ ಪಿಂಗಾಣಿ ಕುಂಡ ಕೂತಿತ್ತು. "ಇದು ಇಲ್ಲಿಗೆ ಹೆಂಗೆ ಬಂತೇ?" ಎಂದು ಕಿರುಚಿದ. ಸುಮಾ ಇಣುಕಿ ನೋಡಿದಳು. "ಅದಾ? ಮಳೆಗಾಲದಾಗೇ ಬಂತಲ್ರಿ. ನಿಮ್ಮ ಗಿಡನ ಖಾತುನಮ್ಮ ದೊಡ್ಡ ಕುಂಡಕ್ಕೆ ಹಾಕ್ಕಂಡ್ರಂತೆ. ಇದನ್ನ ಖಾಲಿ ಕಳಿಸಬಾರ್ದು ಅಂತ ಅದರದೇ ಮರಿ ನೆಟ್ಟು ಕೊಟ್ಟವ್ರೆ."