ನಲವತ್ತೊಂದನೆಯ ನಂಬರಿನ ಅಭಿಪ್ರಾಯ

ಸವದತ್ತಿಯ ಅರ್ಧ ಮದುವೆಗಳ ಜಾತಕ ಬರೆದವಳು ನಾನು. ಹೆಸರು ಮಾತ್ರ ಅಪ್ಪನದು.

ಅಪ್ಪ, ಅಂದರೆ ರಘೋತ್ತಮ ಆಚಾರ್ಯರು, ಪಂಚಾಂಗ ನೋಡಿ ಜಾತಕ ಕೂಡಿಸುವವರು. ನನಗೆ ಹದಿನಾರು ತುಂಬಿದ ವರ್ಷ ಅವರ ಬಲಗೈ ನಡುಗತೊಡಗಿತು. ಅಂದಿನಿಂದ ಪಡಸಾಲೆಯಲ್ಲಿ ಕುಳಿತು ಅವರು ಹೇಳುವುದು, ಒಳಕೋಣೆಯ ಬಾಗಿಲ ಮರೆಯಲ್ಲಿ ಕುಳಿತು ನಾನು ಬರೆಯುವುದು. ಆಮೇಲೆ ಅವರು ಒಳಗೆ ಬಂದು ಕಾಗದ ಒಯ್ದು ಕೊಡುವರು. "ಆಚಾರ್ಯರ ಅಕ್ಷರ ಅಂದ್ರ ಮುತ್ತು" ಎಂದು ಊರೆಲ್ಲ ಹೊಗಳುತ್ತಿತ್ತು. ಕೈ ನಡುಗುವ ಗುಟ್ಟು ಹೊರಬಿದ್ದರೆ ಜನ ಬೈಲಹೊಂಗಲಕ್ಕೋ ಕಿತ್ತೂರಿಗೋ ಹೋದಾರೆಂದು ಅಪ್ಪನಿಗೆ ಅಂಜಿಕೆ. ಸುಮ್ಮನಿರುವುದು ನನ್ನ ಸ್ವಭಾವವಲ್ಲ, ಆದರೂ ಸುಮ್ಮನಿದ್ದೆ.

ನನ್ನ ಓದೂ ಅಪ್ಪನ ಹೆಸರಿನಲ್ಲೇ. ಸಂಜೆ ಪೇಪರ್ ಓದಲು ವಾಚನಾಲಯಕ್ಕೆ ಹೋಗುವ ಅಪ್ಪ ತಮ್ಮ ಕಾರ್ಡಿನ ಮೇಲೆ ನನಗೊಂದು ಪುಸ್ತಕ ತರುತ್ತಿದ್ದರು. ಕಾರ್ಡಿನ ನಂಬರು ನಲವತ್ತೊಂದು. ಎಪ್ಪತ್ತನಾಲ್ಕರ ಸಂಕ್ರಾಂತಿಯ ಹೊತ್ತಿಗೆ ಮನೋಳಿಯ ಬಾಳಕೃಷ್ಣ ಎಂಬವರು ಅಲ್ಲಿಗೆ ಲೈಬ್ರರಿಯನ್ ಆಗಿ ಬಂದರು. ಬಂದವರೇ ಪ್ರತಿ ಪುಸ್ತಕದ ಕೊನೆಗೂ ಒಂದು ಬಿಳಿ ಹಾಳೆ ಅಂಟಿಸಿದರು. ಓದಿದವರು ತಮ್ಮ ನಂಬರು ಹಾಕಿ ಅಭಿಪ್ರಾಯ ಬರೆಯಬೇಕು.

ಆ ಕಾದಂಬರಿ ನನ್ನ ಕೈಗೆ ಬಂದದ್ದು ಆಗ. ಹಳೆಯ ಅನುವಾದ, ರಟ್ಟಿನ ಜೊತೆ ಹೆಸರೂ ಹರಿದು ಹೋಗಿತ್ತು. ಹಡಗಿನ ಡಾಕ್ಟರನೊಬ್ಬ ಕಳೆದ ಕಾಲಕ್ಕೆ ಹೋಗುವ ಯಂತ್ರ ಮಾಡುತ್ತಾನೆ. ತಾನು ಮೆಚ್ಚಿದವಳು ಬೇರೆಯವನ ಕೈಹಿಡಿಯಲು ಹಡಗು ಹತ್ತಿದ ದಿನಕ್ಕೆ ಮೂರು ಸಲ ಹೋಗುತ್ತಾನೆ. ಮೂರೂ ಸಲ ಬಂದರಿನಲ್ಲಿ ನಿಂತು, ಟೋಪಿ ತೆಗೆದು, ಸುಮ್ಮನೆ ತಿರುಗಿ ಬರುತ್ತಾನೆ.

ಕೊನೆಯ ಹಾಳೆಯಲ್ಲಿ ಕಟಕೋಳದ ರೈತ ರಾಮಲಿಂಗಪ್ಪನವರು ಬರೆದಿದ್ದರು: "ಯಂತ್ರಕ್ಕ ಯಾವ ಎಣ್ಣಿ ಹಾಕಿದ ಅನ್ನೂದು ಎಲ್ಲೂ ಬರದಿಲ್ಲ. ನನಗ ನಂಬಿಕಿ ಬರಲಿಲ್ಲ." ಹೂಲಿಯ ಮಾಸ್ತರರೊಬ್ಬರದು: "ಇಂಥ ಯಂತ್ರವನ್ನು ಒಂದು ಹೆಣ್ಣಿಗಾಗಿ ಸವೆಸಿದ್ದು ಖೇದಕರ. ನಮ್ಮೂರ ಗುಡಿ ಕಟ್ಟಿದವರನ್ನಾದರೂ ನೋಡಿ ಬರಬಹುದಿತ್ತು."

ನನಗೆ ಮೈಯೆಲ್ಲ ಉರಿಯಿತು. ಪೆನ್ನು ತೆಗೆದುಕೊಂಡೆ. "ಶ್ರೀ. ಯಂತ್ರ ಗಟ್ಟಿ, ಮನುಷ್ಯ ಪುಕ್ಕಲ. ಮೂರು ಸಲ ಹೋಗಿ ಬಾಯಿ ಬಿಡದವನಿಗೆ ಯಂತ್ರ ಯಾಕೆ?" ಮೇಲೆ ಉದ್ದ ಬಾಲದ ಶ್ರೀ ಹಾಕಿದ್ದು ಜಾತಕ ಬರೆದೂ ಬರೆದೂ ಬಿದ್ದ ಚಟ.

ವಾರ ಬಿಟ್ಟು ಅದೇ ಪುಸ್ತಕ ತರಿಸಿದೆ. ನನ್ನ ಸಾಲಿನ ಕೆಳಗೆ ಸಣ್ಣ, ಬಾಗಿದ ಅಕ್ಷರ: "ಹಿರಿಯರಾದ ತಾವು ಹೀಗೆನ್ನಬಾರದು. ಅವನು ಪುಕ್ಕಲನಲ್ಲ, ಮರ್ಯಾದಸ್ಥ. ಅವಳ ಮನಸ್ಸು ತಿಳಿಯದೆ ಹೇಗೆ ಮಾತಾಡಿಯಾನು? – ಬಾಳಕೃಷ್ಣ."

ಹಿರಿಯರಾದ ತಾವು. ನನಗೆ ಇಪ್ಪತ್ತೆರಡು. ಮುತ್ತಿನಂಥ ಅಕ್ಷರ ಆಚಾರ್ಯರದೇ ಎಂದು ಊರಿನಂತೆ ಅವರೂ ನಂಬಿದ್ದರು. "ಕೇಳಿದರೆ ತಾನೇ ತಿಳಿಯುವುದು," ಎಂದು ಬರೆದು ಕಳಿಸಿದೆ.

ಹೀಗೆ ಎರಡು ತಿಂಗಳು. ಹಾಳೆ ಸಾಲದೆ ಅವರು ಇನ್ನೊಂದು ಅಂಟಿಸಿದರು. "ಅದನ್ನ ಎಷ್ಟು ಸಲ ಓದ್ತಿ ನರ್ಮದಾ?" ಎಂದು ಅಪ್ಪ ಕೇಳಿದರೆ, "ಇನ್ನೂ ತಿಳೀವಲ್ದು," ಎನ್ನುತ್ತಿದ್ದೆ. ಪುಸ್ತಕ ಬರುವ ಸಂಜೆ ಒಳಗೂ ನಿಲ್ಲಲಾರೆ, ಹೊರಗೂ ನಿಲ್ಲಲಾರೆ. ಒಲೆಯ ಮೇಲಿನ ಹಾಲು ಉಕ್ಕಿ ಅವ್ವನಿಂದ ಬೈಸಿಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಅಪ್ಪನಿಗೆ ಜ್ವರ ಬಂತು. ನೆರೆಮನೆಯ ಸಾವಿತ್ರೆವ್ವನನ್ನು ಜೊತೆ ಮಾಡಿಕೊಂಡು ನಾನೇ ಪುಸ್ತಕ ಕೊಡಲು ಹೋದೆ. ಟೇಬಲ್ಲಿನ ಹಿಂದೆ ತೆಳ್ಳನೆಯ ಆಸಾಮಿ, ಅಂಗಿಯ ಜೇಬಿಗೆ ಶಾಯಿ ಸೋರಿತ್ತು. ನಲವತ್ತೊಂದನೆಯ ಕಾರ್ಡು ಕಂಡದ್ದೇ ಎದ್ದು ನಿಂತರು.

"ಆಚಾರ್ಯರ ಮಗಳೇನ್ರಿ? ನಿಮ್ಮ ತಂದೆಯವರು ಭಾಳ ಖಡಕ್ ಬರೀತಾರ್ರಿ."

"ಮನ್ಯಾಗೂ ಹಂಗ ಇರತಾರ್ರಿ."

"ಎದುರಿಗೆ ಕೇಳಿದ್ರ ಬರೇ ಹೂಂ ಅಂತಾರ."

"ಎದುರಿಗೆ ಮಾತಾಡಲಿಕ್ಕೆ ಅವರಿಗೆ ಸಂಕೋಚ."

ಅವರು ನಕ್ಕರು. ನನ್ನ ಮುಖ ನೋಡಿದರು, ಥಟ್ಟನೆ ರಜಿಸ್ಟರ್ ನೋಡಿದರು, ಮತ್ತೆ ನನ್ನನ್ನೇ ನೋಡಿದರು. ಶಾಯಿ ಹತ್ತಿದ ಬೆರಳಿನಿಂದ ಕಿವಿ ತುರಿಸಿಕೊಂಡು ಕಿವಿಗೂ ನೀಲಿ ಬಳಿದುಕೊಂಡರು.

"ಅವರಿಗೆ ಹೇಳ್ರಿ, ನಾ ಇನ್ನೂ ಸೋತಿಲ್ಲ ಅಂತ."

"ಹೇಳತೇನಿ. ನೀವು ಕಿವಿ ಒರಸಿಕೋರಿ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪನ ಗುಟ್ಟು ಎಂಬುದೊಂದು ನೆಪ. ಬರೆಯುವವಳು ನಾನೆಂದು ಗೊತ್ತಾದರೆ ಅವರು ಬರೆಯುವುದನ್ನೇ ಬಿಟ್ಟಾರೆಂಬ ಹೆದರಿಕೆ ನಿಜ. ಮುಂದಿನ ಸಲ ಹಾಳೆಯಲ್ಲಿ ಅವರೇ ಬರೆದಿದ್ದರು: "ನಿಜ ಹೇಳಲೇ ಆಚಾರ್ಯರೇ? ಮೊನ್ನೆ ನಾನೂ ಹೇಳಬೇಕಾದ್ದನ್ನು ಹೇಳದೆ ನಿಂತೆ. ಅದಕ್ಕೇ ನಾನು ಡಾಕ್ಟರನ ಪರ." ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉತ್ತರಕ್ಕೆಂದು ಪೆನ್ನಿನ ಟೋಪಿ ತೆಗೆದು, ಮತ್ತೆ ಹಾಕಿಟ್ಟೆ.

ಆ ವಾರವೇ, ಗುರುವಾರ, ಮನೋಳಿಯಿಂದ ಟಪಾಲು ಬಂತು. ಬಾಳಕೃಷ್ಣರ ಕಾಕಾ ದಿಗಂಬರರಾಯರು ಎರಡು ಕುಂಡಲಿ ಕಳಿಸಿದ್ದರು. ಒಂದು ಅವರದು, ಇನ್ನೊಂದು ರಾಮದುರ್ಗದ ಹುಡುಗಿಯದು. ಕೂಡಿಬಂದರೆ ಕಾಗದ ಬರೆದಿಡಿ, ಮುಂದಿನ ಗುರುವಾರ ಬರುತ್ತೇವೆ ಎಂದಿತ್ತು. ಆ ಕಾಗದ ರಾಮದುರ್ಗ ಮುಟ್ಟಿದರೆ ಮಾತು ಕೊಟ್ಟಂತೆಯೇ.

ಮೂವತ್ತಾರು ಗುಣದಲ್ಲಿ ಇಪ್ಪತ್ತೆಂಟು ಕೂಡಿದವು. "ಹದಿನೆಂಟು ಕೂಡಿದ್ರ ಸಾಕು, ಇಷ್ಟು ಕೂಡೂದು ಅಪರೂಪ," ಎಂದು ಅಪ್ಪ ಖುಷಿಪಟ್ಟರು. ನಾನು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಗಳನ್ನೇ ಮತ್ತೆ ಒಗೆದೆ. "ಕಾಗದ ಬರಿ" ಎಂದು ಅಪ್ಪ ಮೂರು ಸಲ ಹೇಳಿದರು. ಮೂರೂ ಸಲ ಶಾಯಿ ಇಲ್ಲ, ಹೊತ್ತಿಲ್ಲ, ತಲೆನೋವು ಎಂದೆ.

ಗುರುವಾರ ಕಾಕಾನ ಜೊತೆ ಬಾಳಕೃಷ್ಣರೂ ಬಂದರು. ಬಾಗಿಲ ಸಂದಿಯಿಂದ ನೋಡಿದೆ. ತಲೆ ಬಗ್ಗಿಸಿ ಚಾಪೆಯ ಅಂಚು ಕೀಳುತ್ತಿದ್ದರು, ಬಂದರಿನಲ್ಲಿ ನಿಂತ ಆ ಡಾಕ್ಟರನ ಹಾಗೆಯೇ.

"ಬರಕೋ," ಎಂದು ಅಪ್ಪ ಒಳಗೆ ಕೇಳುವಂತೆ ಮೆಲ್ಲಗೆ ಅಂದರು.

ಪುಕ್ಕಲ ಎಂದು ಬರೆದ ಕೈ ನನ್ನದೇ. ಎರಡು ತಿಂಗಳು ಅಪ್ಪನ ಹೆಸರಿನ ಮರೆಯಲ್ಲಿ ಕುಳಿತವಳೂ ನಾನೇ. ಮಣೆ ಎತ್ತಿಕೊಂಡೆ, ಹೊಸ್ತಿಲು ದಾಟಿದೆ, ಪಡಸಾಲೆಯಲ್ಲಿ ಅವರ ಎದುರಿಗೇ ಹಾಕಿ ಕುಳಿತೆ. ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು.

"ಹೇಳ್ರಿ ಅಪ್ಪ, ಬರೀತೇನಿ."

ಕಾಗದದ ಮೇಲೆ ಶ್ರೀ ಬರೆದೆ. ಬಾಲವನ್ನು ಎಂದಿನಂತೆ ಉದ್ದಕ್ಕೆ ಎಳೆದೆ. ಬಾಳಕೃಷ್ಣ ತಲೆ ಎತ್ತಿದರು. ಶ್ರೀಕಾರ ನೋಡಿದರು, ನನ್ನ ಬೆರಳು ನೋಡಿದರು, ಕೊನೆಗೆ ಕಣ್ಣು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಪೆನ್ನು "ವರ" ಎಂದು ಬರೆದು ನಿಂತಿತು. ನನ್ನ ಮಾತು ನಾನು ಆಡಿಯಾಗಿತ್ತು.

"ಬರೀಬ್ಯಾಡ್ರಿ," ಎಂದರು ಅವರು.

"ಅಂದ್ರ?" ಎಂದರು ಕಾಕಾ.

"ರಾಮದುರ್ಗಕ್ಕ ಇನ್ನೂ ಮಾತು ಕೊಟ್ಟಿಲ್ಲಲ್ಲ ಕಾಕಾ. ಕೊಡೂದು ಬ್ಯಾಡ." ಅಪ್ಪನ ಕಡೆ ತಿರುಗಿದರು. "ಆಚಾರ್ಯರ, ಆ ಕಾದಂಬರಿ ಓದಿದವರು ನೀವಲ್ಲ. ಹೌದಲ್ರಿ?"

ಅಪ್ಪ ನನ್ನನ್ನು ನೋಡಿದರು. ಶಲ್ಯದೊಳಗೆ ಮುಚ್ಚಿಟ್ಟಿದ್ದ ಬಲಗೈಯನ್ನು ಹೊರತೆಗೆದು ತೊಡೆಯ ಮೇಲಿಟ್ಟರು. ಅದು ತನ್ನ ಪಾಡಿಗೆ ನಡುಗುತ್ತಿತ್ತು. ಹೊರಗಿನವರು ಅದನ್ನು ಕಂಡದ್ದು ಅದೇ ಮೊದಲು. ನನಗೆ ಅಳು ಬಂತು.

"ಆರು ವರ್ಷ ಆತು ಈ ಕೈ ಬರಿಯೂದು ಬಿಟ್ಟು. ಬರಿಯಾಕಿ ಇಕಿ. ಓದಾಕಿನೂ ಇಕಿ," ಎಂದರು ಅಪ್ಪ. "ಎರಡು ತಿಂಗಳಿಂದ ನೀವು, ಆ ಡಾಕ್ಟರ್ ಮಾತಾಡಬೇಕಿತ್ತೇನ್ರಿ ಅಂತ ಕೇಳತಿದ್ರಿ. ಯಾವ ಡಾಕ್ಟರ್ ಅಂತನೂ ಗೊತ್ತಿಲ್ದ ನಾ ಹೂಂ ಹೂಂ ಅಂದೆ."

"ಅವ ಮಾತಾಡಬೇಕಿತ್ರಿ," ಎಂದರು ಬಾಳಕೃಷ್ಣ. "ನಾ ಸೋತೆ. ನಿಮ್ಮ ಮಗಳನ್ನ ಕೇಳಲಿಕ್ಕತ್ತೀನಿ."

ಕಾಕಾ ಪಂಚಾಂಗವನ್ನೂ ಛಾವಣಿಯನ್ನೂ ನೋಡಿ ನಿಟ್ಟುಸಿರಿಟ್ಟರು. ಅಪ್ಪ ಗೋತ್ರ ಕೇಳಿದರು, ಬೇರೆ ಇತ್ತು. ಕಣ್ಣು ಮುಚ್ಚಿ ನನ್ನ ನಕ್ಷತ್ರ ನೆನೆಸಿಕೊಂಡು, ನಡುಗುವ ಬೆರಳಿನ ಗೆಣ್ಣುಗಳ ಮೇಲೆ ಗುಣ ಎಣಿಸತೊಡಗಿದರು. ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

"ಇಪ್ಪತ್ತೆರಡು ಅಪ್ಪ," ಎಂದೆ.

"ಯಾವಾಗ ಎಣಿಸಿದಿ?"

"ಟಪಾಲು ಬಂದ ದಿನಾನ."